ಎರಡು ಫೈಲು, ಒಂದೇ ಕಥೆ: ರೆಫ್ಯೂಜಿ ಕ್ಲೇಮ್ ಬಾಕಿ ಇರುವಾಗ ಕೆನಡಾದಲ್ಲಿ ಸಂಗಾತಿಯ ಸ್ಪಾನ್ಸರ್‌ಶಿಪ್

ಟೊರೊಂಟೊ ಪಕ್ಕದ ಬ್ರಾಂಪ್ಟನ್‌ನ ಒಂದು ಬೇಸ್‌ಮೆಂಟ್ ಮನೆ. ಊಟದ ಮೇಜಿನ ಮೇಲೆ ಎರಡು ಫೈಲು. ಒಂದು ಗಂಡನ ರೆಫ್ಯೂಜಿ ಕ್ಲೇಮಿನದು, ಅಂದರೆ ಊರಲ್ಲಿ ಅಪಾಯ ಇದೆ, ಇಲ್ಲಿ ಆಶ್ರಯ ಕೊಡಿ ಅಂತ ಕೇಳಿದ್ದು. ಇನ್ನೊಂದು ಹೆಂಡತಿ ಅವನಿಗಾಗಿ ತುಂಬುತ್ತಿದ್ದ ಸ್ಪಾನ್ಸರ್‌ಶಿಪ್ಪಿನದು. ಅವಳಿಗೆ ಪಿಆರ್ ಇದೆ, ಅಂದರೆ ಕೆನಡಾದಲ್ಲಿ ಕಾಯಂ ಆಗಿ ನೆಲೆಸುವ ಹಕ್ಕು. ಸ್ಪಾನ್ಸರ್‌ಶಿಪ್ ಅಂದರೆ ಅವನಿಗೂ ಅದನ್ನು ಕೊಡಿ, ಹೊಣೆ ನನ್ನದು ಅಂತ ಅವಳು ಹಾಕುವ ಅರ್ಜಿ. ಫಾರ್ಮ್ ಒಮ್ಮೆ ನೋಡಿಕೊಡಿ ಅಂತ ನನ್ನನ್ನು ಕರೆದಿದ್ದಳು. ಮೊದಲ ಫೈಲಿನಲ್ಲಿ ಅವನು ಈ ಮನೆಗೆ ಬಂದದ್ದು ಜೂನ್ ಅಂತಿತ್ತು. ಎರಡನೆಯದರಲ್ಲಿ ಆಗಸ್ಟ್. "ಎರಡು ತಿಂಗಳು ತಾನೇ, ಯಾರು ನೋಡ್ತಾರೆ?" ಅಂದ ಅವನು. ನೋಡುತ್ತಾರೆ. ಮೊದಲು ನೋಡುವುದೇ ಅದನ್ನು.

ನಾನು ಲಾಯರ್ ಅಲ್ಲ. ಪರಿಚಯದವರ ಫಾರ್ಮುಗಳ ಜೊತೆ ಕೂತು ಕೂತು ಕಲಿತವನು. ಇದನ್ನು ಓದಿಕೊಂಡು ನಿಮ್ಮ ಲಾಯರ್ ಹತ್ತಿರ ಹೋದರೆ ಸರಿಯಾದ ಪ್ರಶ್ನೆ ಕೇಳಲು ಬರುತ್ತದೆ, ಅಷ್ಟೇ ನನ್ನ ಉದ್ದೇಶ.

ಎರಡನ್ನೂ ಒಟ್ಟಿಗೆ ನಡೆಸಬಹುದಾ?

ನಡೆಸಬಹುದು. "ಕ್ಲೇಮ್ ಬಾಕಿ ಇದ್ದರೆ ಬೇರೆ ಯಾವ ಅರ್ಜಿಯೂ ಹಾಕುವಂತಿಲ್ಲ" ಅಂತ ಯಾರೋ ಹೇಳಿರುತ್ತಾರೆ. ಅದು ಅರ್ಧ ಸತ್ಯ. ಮಾನವೀಯ ನೆಲೆಯ ಅರ್ಜಿ ಅಂತ ಒಂದಿದೆ, ಎಲ್ಲರೂ ಎಚ್ ಅಂಡ್ ಸಿ ಅನ್ನುತ್ತಾರೆ. ಅದನ್ನು ಕ್ಲೇಮ್ ಬಾಕಿ ಇರುವಾಗ ಹಾಕುವಂತಿಲ್ಲ. ಕ್ಲೇಮ್ ತಿರಸ್ಕಾರವಾದ ಮೇಲೂ ಸಾಮಾನ್ಯವಾಗಿ 12 ತಿಂಗಳು ಕಾಯಬೇಕು. ಗಂಡ ಅಥವಾ ಹೆಂಡತಿ ಹಾಕುವ ಸ್ಪಾನ್ಸರ್‌ಶಿಪ್‌ಗೆ ಈ ತಡೆ ಇಲ್ಲ.

ಕಚೇರಿಗಳೂ ಬೇರೆ ಬೇರೆ. ಕ್ಲೇಮ್ ವಿಚಾರಣೆ ಮಾಡುವುದು ಐಆರ್‌ಬಿ, ಅಂದರೆ ವಲಸೆ ಮತ್ತು ನಿರಾಶ್ರಿತರ ಮಂಡಳಿ. ಸ್ಪಾನ್ಸರ್‌ಶಿಪ್ ನೋಡುವುದು ಐಆರ್‌ಸಿಸಿ, ವಲಸೆ ಇಲಾಖೆ. ದೇಶದಿಂದ ಕಳಿಸುವ ಕೆಲಸ ಗಡಿ ಸೇವೆಯವರದ್ದು, ಸಿಬಿಎಸ್‌ಎ. ಒಬ್ಬರು ಇನ್ನೊಬ್ಬರಿಗಾಗಿ ಕಾಯುವುದಿಲ್ಲ. ಸ್ಪಾನ್ಸರ್ ಮಾಡಿದ್ದಾರೆ ಅಂತ ಹಿಯರಿಂಗ್, ಅಂದರೆ ಕ್ಲೇಮಿನ ವಿಚಾರಣೆ, ಮುಂದಕ್ಕೆ ಹೋಗುವುದಿಲ್ಲ. ಹಿಯರಿಂಗ್ ಇದೆ ಅಂತ ಸ್ಪಾನ್ಸರ್‌ಶಿಪ್ ನಿಲ್ಲುವುದೂ ಇಲ್ಲ. ಆದರೆ ಒಬ್ಬರ ಫೈಲಿನಲ್ಲಿ ಇರುವುದು ಇನ್ನೊಬ್ಬರಿಗೆ ಸಿಗುತ್ತದೆ.

ಎರಡು ದೋಣಿಯಲ್ಲಿ ಕಾಲಿಡಬೇಡ ಅಂತ ನಮ್ಮಲ್ಲಿ ಹಿರಿಯರು ಹೇಳುತ್ತಾರೆ. ಇಲ್ಲಿ ಮಾತ್ರ ಎರಡರಲ್ಲೂ ಕಾಲು ಇಟ್ಟುಕೊಳ್ಳಿ. ಮದುವೆ ಆಯಿತು, ಇನ್ನು ಕ್ಲೇಮ್ ಯಾಕೆ ಅಂತ ವಾಪಸ್ ತೆಗೆದುಕೊಳ್ಳುವುದು ನಾನು ಕಂಡ ಅತಿ ದುಬಾರಿ ತಪ್ಪು. ಕ್ಲೇಮ್ ಹಾಕಿದ ಹೆಚ್ಚಿನವರ ಮೇಲೆ ಷರತ್ತಿನ ಒಂದು ನಿರ್ಗಮನ ಆದೇಶ, ಅಂದರೆ ದೇಶ ಬಿಡಿ ಅನ್ನುವ ಆದೇಶ, ಮೊದಲೇ ಇರುತ್ತದೆ. ಕ್ಲೇಮ್ ಇರುವವರೆಗೂ ಅದು ಮಲಗಿರುತ್ತದೆ. ಕ್ಲೇಮ್ ವಾಪಸ್ ತೆಗೆದುಕೊಂಡರೆ ಅದು ಎದ್ದು ಕೂರುತ್ತದೆ. ಅಲ್ಲಿಂದ 30 ದಿನದೊಳಗೆ ಹೊರಡದಿದ್ದರೆ ಅದೇ ಗಡಿಪಾರು ಆದೇಶವಾಗುತ್ತದೆ. ಆಮೇಲೆ ವಾಪಸ್ ಬರಲು ವಿಶೇಷ ಅನುಮತಿ ಬೇಕು.

ಯಾವ ದಾರಿಯಲ್ಲಿ ಹಾಕಬೇಕು?

ಎರಡು ದಾರಿ ಇವೆ. ಕೆನಡಾದೊಳಗಿನ ಸಂಗಾತಿಯ ವರ್ಗ ಒಂದು, ಜನ ಇನ್‌ಲ್ಯಾಂಡ್ ಅನ್ನುತ್ತಾರೆ. ಹೊರಗಿನಿಂದ ಬರುವ ಕುಟುಂಬ ವರ್ಗ ಇನ್ನೊಂದು, ಔಟ್‌ಲ್ಯಾಂಡ್. ಕ್ಲೇಮ್ ಬಾಕಿ ಇರುವವರಿಗೆ ಸಾಮಾನ್ಯವಾಗಿ ಇನ್‌ಲ್ಯಾಂಡೇ ಸರಿ. ಹೊರಗೆ ಹೋದರೆ ಕ್ಲೇಮ್ ಕೈಬಿಟ್ಟ ಹಾಗೆ ಆಗುತ್ತದೆ, ವಾಪಸ್ ಒಳಗೆ ಬಿಡುತ್ತಾರೆ ಅನ್ನುವ ಖಾತ್ರಿಯೂ ಇಲ್ಲ.

ಇನ್‌ಲ್ಯಾಂಡಿಗೆ ವಲಸೆ ನಿಯಮಾವಳಿಯ ನಿಯಮ 124 ಮೂರು ವಿಷಯ ಕೇಳುತ್ತದೆ. ಸ್ಪಾನ್ಸರ್ ಜೊತೆ ಕೆನಡಾದಲ್ಲಿ ಒಂದೇ ಮನೆಯಲ್ಲಿ ಇರಬೇಕು. ಸ್ಪಾನ್ಸರ್‌ಶಿಪ್ ಅರ್ಜಿ ಹಾಕಿರಬೇಕು. ತಾತ್ಕಾಲಿಕ ನಿವಾಸಿಯ ಸ್ಟೇಟಸ್ ಇರಬೇಕು. ಮೂರನೆಯದರಲ್ಲೇ ಕ್ಲೇಮ್ ಹಾಕಿದವರು ಸಿಕ್ಕಿಬೀಳುವುದು. ಕೈಯಲ್ಲಿ ಕ್ಲೇಮಿನ ಕಾಗದ ಇದೆ, ವರ್ಕ್ ಪರ್ಮಿಟ್ ಇದೆ, ಆದರೆ ಅದು ತಾತ್ಕಾಲಿಕ ನಿವಾಸಿಯ ಸ್ಟೇಟಸ್ ಅಲ್ಲ.

ಇದಕ್ಕೆ 2005ರಿಂದ ಒಂದು ವಿನಾಯಿತಿ ಇದೆ. ಸಂಗಾತಿಗಳಿಗಾಗಿ ಮಾಡಿದ ಸಾರ್ವಜನಿಕ ನೀತಿ ಅಂತ ಅದರ ಹೆಸರು. ವೀಸಾ ಮುಗಿದ ಮೇಲೂ ಉಳಿದದ್ದು, ಪರ್ಮಿಟ್ ಇಲ್ಲದೆ ಕೆಲಸ ಮಾಡಿದ್ದು ಅಥವಾ ಓದಿದ್ದು, ಬೇಕಾದ ವೀಸಾ ಇಲ್ಲದೆ ಒಳಗೆ ಬಂದದ್ದು, ಇವನ್ನು ಅದು ಮನ್ನಿಸುತ್ತದೆ. ಅಪರಾಧದ ದಾಖಲೆ, ಭದ್ರತೆಯ ಸಮಸ್ಯೆ, ಸುಳ್ಳು ಮಾಹಿತಿ ಇವನ್ನು ಮನ್ನಿಸುವುದಿಲ್ಲ. ಹಿಂದೆ ಗಡಿಪಾರಾಗಿ ಅನುಮತಿ ಇಲ್ಲದೆ ಮತ್ತೆ ಬಂದಿದ್ದರೂ ಇಲ್ಲ. ಇದರಲ್ಲಿ ಯಾವುದಾದರೂ ನಿಮಗೆ ತಾಗುವಂತಿದ್ದರೆ ಫಾರ್ಮ್ ಮುಟ್ಟುವ ಮೊದಲು ಲಾಯರ್ ಹತ್ತಿರ ಹೋಗಿ.

ಅರ್ಜಿಯ ಜೊತೆ ಒಂದು ಪುಟದ ಪತ್ರ ಇಡಿ. ನನ್ನ ಕ್ಲೇಮ್ ಬಾಕಿ ಇದೆ, ಸ್ಟೇಟಸ್ ಇಲ್ಲ, ಸಂಗಾತಿಗಳ ಸಾರ್ವಜನಿಕ ನೀತಿಯಡಿ ಪರಿಗಣಿಸಿ ಅಂತ ನೇರವಾಗಿ ಬರೆಯಿರಿ. ಮುಚ್ಚಿಡಲು ಏನೂ ಇಲ್ಲ, ಅವರಿಗೆ ಅದು ಹೇಗೂ ಗೊತ್ತಿರುತ್ತದೆ.

ಇನ್‌ಲ್ಯಾಂಡಿಗೆ ಒಂದು ಕೊರತೆ ಇದೆ. ಔಟ್‌ಲ್ಯಾಂಡ್ ತಿರಸ್ಕಾರವಾದರೆ ಸ್ಪಾನ್ಸರ್ ಮೇಲ್ಮನವಿ ಹಾಕಬಹುದು. ಇನ್‌ಲ್ಯಾಂಡಿಗೆ ಅದಿಲ್ಲ. ಫೆಡರಲ್ ಕೋರ್ಟೇ ಗತಿ, ಅದೂ 15 ದಿನದೊಳಗೆ. ಹಾಗಾಗಿ ಮೊದಲ ಸಲವೇ ಗಟ್ಟಿಯಾಗಿ ಹಾಕಬೇಕು.

ಸ್ಪಾನ್ಸರ್ ಅರ್ಹರೇ ನೋಡಿ

18 ತುಂಬಿರಬೇಕು. ಕೆನಡಾದ ಪ್ರಜೆ ಅಥವಾ ಪಿಆರ್ ಆಗಿರಬೇಕು. ಕ್ಲೇಮ್ ಗೆದ್ದಿದ್ದಾರೆ, ಪಿಆರ್ ಇನ್ನೂ ಬಂದಿಲ್ಲ ಅಂದರೆ ಸ್ಪಾನ್ಸರ್ ಮಾಡಲು ಬರುವುದಿಲ್ಲ. ಸ್ಪಾನ್ಸರ್ ತಾವೇ ಗಂಡನ ಅಥವಾ ಹೆಂಡತಿಯ ಸ್ಪಾನ್ಸರ್‌ಶಿಪ್‌ನಲ್ಲಿ ಪಿಆರ್ ಆಗಿದ್ದರೆ 5 ವರ್ಷ ಕಾಯಬೇಕು. ಹಿಂದೆ ಇನ್ನೊಬ್ಬ ಸಂಗಾತಿಯನ್ನು ಕರೆಸಿಕೊಂಡಿದ್ದರೆ ಆ 3 ವರ್ಷದ ಹೊಣೆ ಮುಗಿದಿರಬೇಕು. ದಿವಾಳಿ ಘೋಷಿಸಿ ಬಿಡುಗಡೆ ಆಗದವರು, ಜೀವನಾಂಶ ಬಾಕಿ ಇಟ್ಟವರು ಮಾಡುವಂತಿಲ್ಲ.

ಸಂಬಳ ಎಷ್ಟಿರಬೇಕು ಅಂತ ಎಲ್ಲರೂ ಕೇಳುತ್ತಾರೆ. ಸಂಗಾತಿಗೆ ಕನಿಷ್ಠ ಆದಾಯದ ಲೆಕ್ಕ ಸಾಮಾನ್ಯವಾಗಿ ಇಲ್ಲ. ಆದರೆ ಸ್ಪಾನ್ಸರ್ ಸರ್ಕಾರಿ ನೆರವಿನ ಹಣ ತೆಗೆದುಕೊಳ್ಳುತ್ತಿರಬಾರದು, ಅಂಗವೈಕಲ್ಯದ ನೆರವು ಬಿಟ್ಟು. ಇಲ್ಲಿ ಒಂದು ಹಳ್ಳ ಇದೆ. ಕ್ಲೇಮ್ ಹಾಕಿದವರು ಒಂಟಾರಿಯೊ ವರ್ಕ್ಸ್ ಅನ್ನುವ ಪ್ರಾಂತ್ಯದ ನೆರವಿನ ಹಣದಲ್ಲಿ ಇರಬಹುದು. ಮದುವೆಯಾಗಿ ಒಂದೇ ಮನೆಗೆ ಬಂದರೆ ಆ ಕಚೇರಿ ಇಬ್ಬರನ್ನೂ ಒಂದೇ ಕುಟುಂಬ ಅಂತ ಲೆಕ್ಕ ಹಾಕುತ್ತದೆ. ಆಗ ಸ್ಪಾನ್ಸರ್ ಕೂಡ ನೆರವು ಪಡೆಯುವವರಾಗಿಬಿಡುತ್ತಾರೆ. ಹೇಳದೇ ಇದ್ದರೆ ಇನ್ನೂ ಕೆಟ್ಟದ್ದು, ಒಂದು ಕಚೇರಿಗೆ ಒಂಟಿ, ಇನ್ನೊಂದಕ್ಕೆ ಜೋಡಿ ಅಂತ ಹೇಳಿದ ಹಾಗಾಗುತ್ತದೆ. ಇದನ್ನು ಮೊದಲು ಬಗೆಹರಿಸಿಕೊಳ್ಳಿ.

ಸ್ಪಾನ್ಸರ್ ಸಹಿ ಹಾಕುವ ಹೊಣೆ, ಸಂಗಾತಿ ಪಿಆರ್ ಆದ ದಿನದಿಂದ 3 ವರ್ಷ. ನಡುವೆ ಜಗಳವಾಗಿ ಬೇರೆಯಾದರೂ ಹೊಣೆ ಹೋಗುವುದಿಲ್ಲ. ಕ್ವಿಬೆಕ್‌ನಲ್ಲಿ ಇರುವವರಿಗೆ ಆ ಪ್ರಾಂತ್ಯದ್ದೇ ಪ್ರತ್ಯೇಕ ಹೊಣೆಪತ್ರವೂ ಬೇಕು, ಅಲ್ಲಿನ ದಾರಿಯೇ ಬೇರೆ.

ಇನ್ನೊಂದು ಮಾತು. ಸ್ಪಾನ್ಸರ್ ತಾವು ಪಿಆರ್ ಆಗುವಾಗ ಈ ಸಂಗಾತಿಯನ್ನು ಕುಟುಂಬದವರು ಅಂತ ಫಾರ್ಮಿನಲ್ಲಿ ತೋರಿಸದೆ ಬಿಟ್ಟಿದ್ದರೆ ಈಗ ಕರೆಸಿಕೊಳ್ಳಲು ತೊಡಕಾಗುತ್ತದೆ. ಊರಲ್ಲಿ ಮದುವೆಯಾಗಿ, ಇಲ್ಲಿ "ಸಿಂಗಲ್" ಅಂತ ಬರೆದು ಬಂದವರು ಇದ್ದಾರೆ. ಅದು ನೇರ ಲಾಯರ್ ಕೆಲಸ.

ಮದುವೆಯ ಕಾಗದ

ಒಂಟಾರಿಯೊದಲ್ಲಿ ಮದುವೆಯಾಗುವುದಾದರೆ ಸಿಟಿ ಹಾಲ್‌ನಿಂದ ಮದುವೆ ಲೈಸೆನ್ಸ್ ತೆಗೆದುಕೊಳ್ಳಬೇಕು. ಅದು 3 ತಿಂಗಳು ನಡೆಯುತ್ತದೆ. ಕ್ಲೇಮ್ ಹಾಕಿದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಗಡಿ ಸೇವೆಯವರ ಕೈಯಲ್ಲಿರುತ್ತದೆ. ಅದಕ್ಕೆ ಬದಲಾಗಿ ಯಾವ ಗುರುತಿನ ಚೀಟಿ ನಡೆಯುತ್ತದೆ ಅಂತ ಹೋಗುವ ಮೊದಲೇ ಫೋನ್ ಮಾಡಿ ಕೇಳಿ. ಮೊದಲ ಮದುವೆಗೆ ಭಾರತದಲ್ಲಿ ಡಿವೋರ್ಸ್ ಆಗಿದ್ದರೆ ಆ ತೀರ್ಪಿನ ಪ್ರತಿ, ಜೊತೆಗೆ ಒಂಟಾರಿಯೊ ಲಾಯರ್ ಒಬ್ಬರ ಅಭಿಪ್ರಾಯ ಪತ್ರ ಬೇಕಾಗುತ್ತದೆ.

ದೇವಸ್ಥಾನದಲ್ಲಿ ಧಾರೆ ಎರೆದರೂ ಲೈಸೆನ್ಸ್ ಬೇಕು, ಮಾಡಿಸುವ ಪುರೋಹಿತರು ಒಂಟಾರಿಯೊದಲ್ಲಿ ನೋಂದಾಯಿತರಾಗಿರಬೇಕು. ಮದುವೆ ಮುಗಿದ ಮೇಲೆ ಕೈಗೆ ಕೊಡುವ ಚೀಟಿ ಸರ್ಟಿಫಿಕೇಟ್ ಅಲ್ಲ. ನಿಜವಾದದ್ದನ್ನು ಪ್ರಾಂತ್ಯ ಸರ್ಕಾರದ ಸೇವಾ ಕಚೇರಿ ಸರ್ವಿಸ್‌ಒಂಟಾರಿಯೊದಿಂದ ತರಿಸಬೇಕು. ಎಷ್ಟೋ ಜನ ಆ ಮೊದಲ ಚೀಟಿಯನ್ನೇ ಅಪ್‌ಲೋಡ್ ಮಾಡಿ ಅರ್ಜಿ ವಾಪಸ್ ಬಂದಾಗ ತಲೆ ಚಚ್ಚಿಕೊಳ್ಳುತ್ತಾರೆ.

ಮದುವೆ ಆಗದೆ ಜೊತೆಯಲ್ಲಿ ಇರುವವರಿಗೂ ದಾರಿ ಇದೆ. ಕಾಮನ್ ಲಾ ಸಂಗಾತಿ ಅನ್ನಿಸಿಕೊಳ್ಳಲು ಕನಿಷ್ಠ ಒಂದು ವರ್ಷ ಬಿಡದೆ ಒಟ್ಟಿಗೆ ಬದುಕಿರಬೇಕು. ಆ ಒಂದು ವರ್ಷಕ್ಕೆ ಕಾಗದದ ಪುರಾವೆ ಬೇಕು, ಬಾಯಿ ಮಾತು ಸಾಲದು.

ಫಾರ್ಮ್ ತುಂಬುವ ಮೊದಲು ಬಿಒಸಿ ತೆಗೆದು ಓದಿ

ಕ್ಲೇಮ್ ಹಾಕುವಾಗ ತುಂಬಿದ ಬಿಒಸಿ, ಅಂದರೆ ಕ್ಲೇಮಿನ ಆಧಾರ ಹೇಳುವ ಫಾರ್ಮ್, ನಿಮ್ಮ ಹತ್ತಿರ ಇದೆಯಾ? ಇಲ್ಲದಿದ್ದರೆ ಲಾಯರ್ ಹತ್ತಿರ ಇಸಿದುಕೊಳ್ಳಿ. ಕ್ಲೇಮಿನ ಜೊತೆ ಕೊಟ್ಟ ಉಳಿದ ಫಾರ್ಮುಗಳನ್ನೂ. ಅವನ್ನು ಪಕ್ಕದಲ್ಲಿ ಇಟ್ಟುಕೊಳ್ಳದೆ ಸ್ಪಾನ್ಸರ್‌ಶಿಪ್ ಫಾರ್ಮ್ ತುಂಬಬೇಡಿ.

ಸ್ಪಾನ್ಸರ್‌ಶಿಪ್ಪಿನಲ್ಲಿ ಮುಖ್ಯವಾದವು ಇವು: ಸ್ಪಾನ್ಸರ್ ತುಂಬುವ ಐಎಂಎಂ 1344, ಪಿಆರ್‌ನ ಸಾಮಾನ್ಯ ಅರ್ಜಿ ಐಎಂಎಂ 0008, ಹಿನ್ನೆಲೆ ಕೇಳುವ ಐಎಂಎಂ 5669, ಕುಟುಂಬದ ವಿವರದ ಐಎಂಎಂ 5406, ನಿಮ್ಮಿಬ್ಬರ ಸಂಬಂಧದ ಕಥೆ ಕೇಳುವ ಐಎಂಎಂ 5532. ಏನೇನು ಇಡಬೇಕು ಅನ್ನುವ ಪಟ್ಟಿ ಐಎಂಎಂ 5533. ಎಲ್ಲವನ್ನೂ ಐಆರ್‌ಸಿಸಿ ವೆಬ್‌ಸೈಟಿನಿಂದ ಆ ದಿನವೇ ಇಳಿಸಿಕೊಳ್ಳಿ. ಗೆಳೆಯ ಕಳೆದ ವರ್ಷ ಬಳಸಿದ ಫಾರ್ಮ್ ಬೇಡ.

5669 ಜನರನ್ನು ಬೀಳಿಸುತ್ತದೆ. ಹತ್ತು ವರ್ಷ ಏನು ಮಾಡಿದಿರಿ, ಎಲ್ಲಿ ಇದ್ದಿರಿ, ತಿಂಗಳು ತಿಂಗಳಾಗಿ ಬೇಕು. ಒಂದು ತಿಂಗಳು ಖಾಲಿ ಬಿಟ್ಟರೂ ಕೇಳುತ್ತಾರೆ. ಕೆಲಸ ಇಲ್ಲದೆ ಮನೆಯಲ್ಲಿ ಸುಮ್ನೆ ಕೂತಿದ್ದರೆ ಹಾಗೇ ಬರೆಯಿರಿ, ನಿರುದ್ಯೋಗಿ ಅಂತ. ಅಡಗಿಕೊಂಡಿದ್ದೆ ಅಂತ ಬಿಒಸಿಯಲ್ಲಿ ಹೇಳಿದ ತಿಂಗಳುಗಳಲ್ಲಿ ಇಲ್ಲಿ "ಬೆಂಗಳೂರಿನ ಕಂಪನಿಯಲ್ಲಿ ಕೆಲಸ" ಅಂತ ಬಂದರೆ ಎರಡೂ ಫೈಲು ಒಟ್ಟಿಗೆ ಮುಳುಗುತ್ತವೆ. ಸುಳ್ಳು ಮಾಹಿತಿ ಅಂತ ತೀರ್ಮಾನವಾದರೆ 5 ವರ್ಷ ಬಾಗಿಲು ಮುಚ್ಚುತ್ತದೆ.

ನಮ್ಮ ಬ್ರಾಂಪ್ಟನ್ ಮೇಜಿಗೆ ಬರೋಣ. ಕೆದಕಿದಾಗ ಗೊತ್ತಾಯಿತು, ಬಾಡಿಗೆ ಕರಾರು ಜೂನ್‌ನಿಂದ. ಅವನು ಪೆಟ್ಟಿಗೆ ಹೊತ್ತು ಬಂದದ್ದು ಆಗಸ್ಟ್‌ನಲ್ಲಿ. ನಡುವೆ ಎರಡು ತಿಂಗಳು ಸ್ಕಾರ್ಬರೋದಲ್ಲಿ ಗೆಳೆಯನ ಸೋಫಾದ ಮೇಲೆ. ಕ್ಲೇಮಿನ ಫಾರ್ಮ್ ತುಂಬುವಾಗ ಯಾರೋ ಕರಾರು ನೋಡಿ ಜೂನ್ ಅಂತ ಬರೆದಿದ್ದರು. ನಾವು ಸ್ಪಾನ್ಸರ್‌ಶಿಪ್ಪಿನಲ್ಲಿ ಸೋಫಾದ ವಿಳಾಸವನ್ನೂ ಬರೆದು, ಬಿಒಸಿ ಕಡೆಯ ತಪ್ಪನ್ನು ಲಾಯರ್ ಮೂಲಕ ತಿದ್ದಿಸಿದೆವು. ಬಿಒಸಿ ತಿದ್ದುಪಡಿ ಹಿಯರಿಂಗಿಗೆ ಕನಿಷ್ಠ 10 ದಿನ ಮೊದಲು ಐಆರ್‌ಬಿ ಕೈ ಸೇರಬೇಕು. ನಿಜ ಹೇಳಿ ತಿದ್ದಿದ ತಪ್ಪಿಗೂ, ಅವರೇ ಹಿಡಿದ ತಪ್ಪಿಗೂ ತುಂಬಾ ವ್ಯತ್ಯಾಸ ಇದೆ.

ಮದುವೆಯಾದದ್ದನ್ನೂ ಕ್ಲೇಮಿನ ಕಡೆಗೆ ತಿಳಿಸಿ. ಅಲ್ಲಿ ಇನ್ನೂ ಅವಿವಾಹಿತ ಅಂತಲೇ ಇರಬಾರದು. ಮದುವೆಯೇ ಕ್ಲೇಮಿನ ಕಾರಣದ ಜೊತೆ ತಾಳೆಯಾಗದ ಹಾಗೆ ಕಾಣುವಂತಿದ್ದರೆ, ಉದಾಹರಣೆಗೆ ಲೈಂಗಿಕತೆಯ ಕಾರಣಕ್ಕೆ ಕ್ಲೇಮ್ ಹಾಕಿದವರಾಗಿದ್ದರೆ, ವಿವರಣೆ ಮೊದಲೇ ನಿಮ್ಮಿಂದ ಹೋಗಲಿ.

ಮದುವೆ ನಿಜ ಅಂತ ತೋರಿಸುವುದು

ಕ್ಲೇಮ್ ಬಾಕಿ ಇರುವವರ ಮದುವೆಯನ್ನು ಅಧಿಕಾರಿ ಅನುಮಾನದಿಂದಲೇ ನೋಡುತ್ತಾರೆ. ಬೇಜಾರಾಗುತ್ತದೆ, ಆದರೆ ಅದು ಹಾಗೇ. ನಿಯಮ 4ರ ಪ್ರಕಾರ ಎರಡು ಪ್ರಶ್ನೆ: ಈ ಸಂಬಂಧ ನಿಜವೇ? ಮುಖ್ಯವಾಗಿ ಸ್ಟೇಟಸ್‌ಗಾಗಿಯೇ ಮಾಡಿಕೊಂಡದ್ದೇ? 2010ರ ತಿದ್ದುಪಡಿಯ ನಂತರ ಎರಡರಲ್ಲಿ ಒಂದರಲ್ಲಿ ಬಿದ್ದರೂ ಅರ್ಜಿ ಬಿದ್ದಂತೆ.

ಫೋಟೋ 20ಕ್ಕಿಂತ ಜಾಸ್ತಿ ಬೇಡ, ಚಾಟ್ ಮತ್ತು ಪತ್ರ 10 ಪುಟಕ್ಕಿಂತ ಜಾಸ್ತಿ ಬೇಡ ಅಂತ ಪಟ್ಟಿಯಲ್ಲೇ ಇದೆ. ಹಾಗಾಗಿ ಇಪ್ಪತ್ತೂ ಹಾರ ಹಾಕಿಕೊಂಡ ಫೋಟೋ ಆಗಬಾರದು. ಒಂದು ಮದುವೆಯದು, ಒಂದು ಅವಳ ಚಿಕ್ಕಪ್ಪನ ಮನೆಯ ಹಬ್ಬದ್ದು, ಒಂದು ಹಿಮದಲ್ಲಿ ಹೂತ ಕಾರನ್ನು ಬಿಡಿಸುತ್ತಿರುವುದು. ಬೇರೆ ಬೇರೆ ತಿಂಗಳು, ಬೇರೆ ಬೇರೆ ಜನ. ಪ್ರತಿಯೊಂದರ ಕೆಳಗೆ ಯಾವಾಗ, ಎಲ್ಲಿ, ಯಾರು ಅಂತ ಒಂದು ಸಾಲು ಬರೆಯಿರಿ. ಕನ್ನಡದ ಚಾಟ್ ಇದ್ದರೆ ಅನುವಾದ ಬೇಕು. ಅನುವಾದ ಮನೆಯವರು ಮಾಡುವಂತಿಲ್ಲ. ಸರ್ಟಿಫೈಡ್ ಅನುವಾದಕರಾಗಿರಬೇಕು, ಅಲ್ಲವಾದರೆ ಅನುವಾದಕರ ಅಫಿಡವಿಟ್ ಇರಬೇಕು. ಕನ್ನಡದಲ್ಲಿರುವ ಜನನ ಪತ್ರಕ್ಕೂ ಇದೇ ಮಾತು.

ಫೋಟೋಗಿಂತ ಭಾರ ಇರುವುದು ಬೇಸರದ ಕಾಗದಗಳಿಗೆ. ಇಬ್ಬರ ಹೆಸರಿನ ಬಾಡಿಗೆ ಕರಾರು, ಜಂಟಿ ಖಾತೆಯಲ್ಲಿ ದಿನಸಿಯ ಖರ್ಚು, ಒಂದೇ ವಿಳಾಸದ ಫೋನ್ ಬಿಲ್ಲು, ಆಫೀಸಿನ ವಿಮೆಯಲ್ಲಿ ಸಂಗಾತಿಯ ಹೆಸರು, ತೆರಿಗೆಯಲ್ಲಿ ವಿವಾಹಿತ ಅಂತ ತೋರಿಸಿದ್ದು. ಬೇಸ್‌ಮೆಂಟ್ ಮಾಲೀಕರು ಕರಾರು ಕೊಡಲು ಒಪ್ಪದಿದ್ದರೆ ಒಂದು ಪತ್ರವನ್ನಾದರೂ ಕೇಳಿ.

5532ರಲ್ಲಿ ಮದುವೆಗೆ ಯಾರು ಬಂದಿದ್ದರು, ಮನೆಯವರಿಗೆ ಗೊತ್ತೇ ಅಂತ ಕೇಳುತ್ತಾರೆ. ಊರಿನವರು ಬರಲಿಲ್ಲ ಅಂದರೆ ಯಾಕೆ ಅಂತ ಬರೆಯಿರಿ. ಬೇರೆ ಜಾತಿ ಅಂತ ಅಪ್ಪ ಮಾತು ಬಿಟ್ಟಿದ್ದಾರಾ? ಅದನ್ನೇ ಬರೆಯಿರಿ. ನಮ್ಮವರು ಮರ್ಯಾದೆಗೆ ಅಂಜಿ "ವೀಸಾ ಸಿಗಲಿಲ್ಲ" ಅಂತ ಬರೆಯುತ್ತಾರೆ. ಸಂದರ್ಶನದಲ್ಲಿ ಒಬ್ಬರು ಒಂದು, ಇನ್ನೊಬ್ಬರು ಇನ್ನೊಂದು ಹೇಳುತ್ತಾರೆ.

ಪಾಸ್‌ಪೋರ್ಟ್ ಮತ್ತು ಪೊಲೀಸ್ ಸರ್ಟಿಫಿಕೇಟ್

ಇಲ್ಲಿ ತುಂಬಾ ಹುಷಾರು. ಪಿಆರ್ ಕೊಡುವ ಹೊತ್ತಿಗೆ ಪಾಸ್‌ಪೋರ್ಟ್ ಬೇಕಾಗುತ್ತದೆ. 18 ತುಂಬಿದ ಮೇಲೆ, ಕಳೆದ ಹತ್ತು ವರ್ಷದಲ್ಲಿ ಸತತವಾಗಿ 6 ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಇದ್ದ ದೇಶಗಳ ಪೊಲೀಸ್ ಸರ್ಟಿಫಿಕೇಟೂ ಬೇಕು. ಸಾಮಾನ್ಯ ಅರ್ಜಿದಾರರು ನೇರ ತಮ್ಮ ದೇಶದ ಕಾನ್ಸುಲೇಟಿನ ಕಡೆ ಓಡುತ್ತಾರೆ. ನೀವು ಓಡಬೇಡಿ.

ನನ್ನ ದೇಶದ ಸರ್ಕಾರ ನನ್ನನ್ನು ಕಾಪಾಡುವುದಿಲ್ಲ ಅಂತ ನೀವು ಐಆರ್‌ಬಿ ಮುಂದೆ ಹೇಳುತ್ತಿದ್ದೀರಿ. ಅದೇ ತಿಂಗಳು ಅದೇ ಸರ್ಕಾರದ ಬಾಗಿಲಿಗೆ ಹೋಗಿ ಪಾಸ್‌ಪೋರ್ಟ್ ನವೀಕರಿಸಿಕೊಂಡರೆ, "ಭಯ ಎಲ್ಲಿದೆ?" ಅಂತ ಕೇಳುವುದು ಸಹಜ ಅಲ್ವಾ? ಆ ಹೆಜ್ಜೆಯನ್ನು ನಿಮ್ಮ ಕ್ಲೇಮಿನ ವಿರುದ್ಧ ಎತ್ತಿ ತೋರಿಸುತ್ತಾರೆ.

ಸದ್ಯಕ್ಕೆ ಹೀಗೆ ಮಾಡಿ. ವಶಪಡಿಸಿಕೊಂಡ ಪಾಸ್‌ಪೋರ್ಟಿನ ಪ್ರತಿ, ಅದನ್ನು ತೆಗೆದುಕೊಂಡಾಗ ಕೊಟ್ಟ ರಸೀದಿ, ಕ್ಲೇಮಿನ ಕಾಗದ ಇವನ್ನು ಹಾಕಿ. ಪೊಲೀಸ್ ಸರ್ಟಿಫಿಕೇಟ್ ಬದಲು, ಕ್ಲೇಮ್ ಬಾಕಿ ಇರುವುದರಿಂದ ಈಗ ಕೇಳಲು ಆಗುತ್ತಿಲ್ಲ ಅಂತ ವಿವರಣೆ ಪತ್ರ ಇಡಿ. ದುಬೈಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದರೆ, ನಿಮ್ಮ ಭಯಕ್ಕೂ ಆ ದೇಶಕ್ಕೂ ಸಂಬಂಧ ಇಲ್ಲದಿದ್ದರೆ, ಅಲ್ಲಿನದನ್ನು ಮಾಮೂಲಿಯಾಗಿ ತರಿಸಿ. ಪಾಸ್‌ಪೋರ್ಟ್ ಅವಧಿ ಮುಗಿದಿದ್ದರೆ ಯಾವಾಗ ಕೈ ಹಾಕಬೇಕು ಅನ್ನುವುದನ್ನು ಕ್ಲೇಮ್ ನೋಡುವ ಲಾಯರ್ ಹೇಳಬೇಕು. ಸ್ಪಾನ್ಸರ್‌ಶಿಪ್ ಮಾತ್ರ ನೋಡುವವರಿಗೆ ಈ ಸೂಕ್ಷ್ಮ ಹೊಳೆಯದೇ ಹೋಗಬಹುದು.

ಹಣ ಕಟ್ಟುವುದು, ಸಲ್ಲಿಸುವುದು

2024ರ ಏಪ್ರಿಲ್ 30ರಿಂದ ಜಾರಿಗೆ ಬಂದ ದರದಲ್ಲಿ ಸ್ಪಾನ್ಸರ್‌ಶಿಪ್ ಶುಲ್ಕ 85 ಡಾಲರ್, ಅರ್ಜಿದಾರರದ್ದು 545, ಪಿಆರ್ ಹಕ್ಕಿನ ಶುಲ್ಕ 575. ಆಗ ಒಟ್ಟು 1,205 ಇತ್ತು. ಈ ದರ ಎರಡು ವರ್ಷಕ್ಕೊಮ್ಮೆ ಏರುತ್ತದೆ, ಕಟ್ಟುವ ದಿನ ವೆಬ್‌ಸೈಟ್ ನೋಡಿಯೇ ಕಟ್ಟಿ. ಸಲ್ಲಿಸುವುದು ಐಆರ್‌ಸಿಸಿಯ ಪಿಆರ್ ಪೋರ್ಟಲ್‌ನಲ್ಲಿ.

ಹಣ ತೆಗೆದುಕೊಂಡು ಫಾರ್ಮ್ ತುಂಬಿಕೊಡುವವರು ಲಾಯರ್ ಆಗಿರಬೇಕು, ಇಲ್ಲವೇ ಪರವಾನಗಿ ಇರುವ ವಲಸೆ ಸಲಹೆಗಾರರಾಗಿರಬೇಕು. ಸಲಹೆಗಾರರ ಹೆಸರು ಅವರನ್ನು ನಿಯಂತ್ರಿಸುವ ಸಂಸ್ಥೆಯ (ಅದನ್ನು ಕಾಲೇಜ್ ಅನ್ನುತ್ತಾರೆ) ಸಾರ್ವಜನಿಕ ಪಟ್ಟಿಯಲ್ಲಿ ಸಿಗಬೇಕು. "ನನ್ನ ಹೆಸರು ಫಾರ್ಮಿನಲ್ಲಿ ಹಾಕಬೇಡಿ" ಅನ್ನುವವರಿಂದ ಎದ್ದು ಬನ್ನಿ.

ಕಾಯುವ ದಿನಗಳಲ್ಲಿ

ಕ್ಲೇಮಿನ ಮೇಲೆ ಸಿಕ್ಕ ವರ್ಕ್ ಪರ್ಮಿಟ್ ಇದ್ದರೆ ಅದನ್ನೇ ಸಮಯಕ್ಕೆ ನವೀಕರಿಸಿಕೊಳ್ಳುತ್ತಾ ಹೋಗಿ. ಮನೆ ಬದಲಾದರೆ ಐಆರ್‌ಬಿ, ಐಆರ್‌ಸಿಸಿ, ಸಿಬಿಎಸ್‌ಎ ಎಲ್ಲರಿಗೂ ತಿಳಿಸಿ. ಒಬ್ಬರಿಗೆ ಹೇಳಿದರೆ ಇನ್ನೊಬ್ಬರಿಗೆ ಹೋಗುತ್ತದೆ ಅಂದುಕೊಳ್ಳಬೇಡಿ. ಹಿಯರಿಂಗ್ ನೋಟಿಸ್ ಹಳೆ ವಿಳಾಸಕ್ಕೆ ಹೋಗಿ, ನೀವು ಹಾಜರಾಗದಿದ್ದರೆ ಕ್ಲೇಮ್ ಕೈಬಿಟ್ಟದ್ದು ಅಂತ ಆಗುತ್ತದೆ. ಕೆನಡಾ ಬಿಟ್ಟು ಹೋಗಬೇಡಿ, ಊರಲ್ಲಿ ಎಂಥ ಕಷ್ಟ ಬಂದರೂ ಲಾಯರಿಗೆ ಫೋನ್ ಮಾಡದೆ ಟಿಕೆಟ್ ತೆಗೆಯಬೇಡಿ.

ಹಿಯರಿಂಗಿಗೆ ಪೂರ್ತಿ ತಯಾರಿ ಮಾಡಿಕೊಂಡೇ ಹೋಗಿ.

ನಡುವೆ ಕ್ಲೇಮ್ ತಿರಸ್ಕಾರವಾದರೆ

ಸ್ಪಾನ್ಸರ್‌ಶಿಪ್ ಅದರಿಂದ ಸಾಯುವುದಿಲ್ಲ. ಆದರೆ ಗಡಿಯಾರ ಶುರುವಾಗುತ್ತದೆ. ಐಆರ್‌ಬಿಯ ಮೇಲ್ಮನವಿ ವಿಭಾಗಕ್ಕೆ ಹೋಗುವ ಹಕ್ಕಿದ್ದರೆ 15 ದಿನದೊಳಗೆ ನೋಟಿಸ್ ಹಾಕಬೇಕು. ಮೇಲ್ಮನವಿ ನಡೆಯುವಷ್ಟು ಕಾಲ ನಿರ್ಗಮನ ಆದೇಶ ಮಲಗಿಯೇ ಇರುತ್ತದೆ.

ಅದೂ ಮುಗಿದು ಸಿಬಿಎಸ್‌ಎ ಕಳಿಸುವ ತಯಾರಿಗೆ ಕರೆದರೆ, ಸಾರ್ವಜನಿಕ ನೀತಿಯಲ್ಲೇ 60 ದಿನದ ಒಂದು ತಡೆ ಇದೆ. ಆದರೆ ಅವರು ಕರೆಯುವ ಮೊದಲೇ ಸ್ಪಾನ್ಸರ್‌ಶಿಪ್ ಹಾಕಿದ್ದವರಿಗೆ ಮಾತ್ರ. ಕರೆ ಬಂದ ಮೇಲೆ ಗಡಿಬಿಡಿಯಲ್ಲಿ ಹಾಕಿದರೆ ಅದು ಸಿಗುವುದಿಲ್ಲ. ವಾರಂಟ್ ಇರುವವರಿಗೆ, ಅಪರಾಧದ ಕಾರಣಕ್ಕೆ ಅನರ್ಹರಾದವರಿಗೂ ಇಲ್ಲ. ಹಾಗಾಗಿ ಕಾಗದ ಗಟ್ಟಿಯಿದ್ದರೆ ಕ್ಲೇಮ್ ಏನಾಗುತ್ತದೋ ನೋಡೋಣ ಅಂತ ಕೂರಬೇಡಿ, ಹಾಕಿಬಿಡಿ. ಅರ್ಜಿಗೆ ಮೊದಲ ಹಂತದ ಒಪ್ಪಿಗೆ ಬಂದರೆ, ಅಂತಿಮ ತೀರ್ಮಾನದವರೆಗೂ ಕಳಿಸುವಂತಿಲ್ಲ.

ಪಿಆರ್ ಮೊದಲು ಬಂದರೆ

ಪಿಆರ್ ಆದ ಕೂಡಲೇ, ಜಾರಿಯಾಗದೆ ಉಳಿದ ನಿರ್ಗಮನ ಆದೇಶ ಕಾನೂನಿನಲ್ಲೇ ರದ್ದಾಗುತ್ತದೆ. ಪಿಆರ್ ದೃಢೀಕರಣ ಕೈಗೆ ಬಂದು, ಅದರಲ್ಲಿ ಹೆಸರು, ಹುಟ್ಟಿದ ದಿನ ಸರಿ ಇದೆ ಅಂತ ನೋಡಿಕೊಂಡ ಮೇಲೆ ಕ್ಲೇಮ್ ವಾಪಸ್ ತೆಗೆದುಕೊಳ್ಳುವ ಮಾತು. ಅದಕ್ಕೂ ಮೊದಲಲ್ಲ. "ಪಿಆರ್ ಮುಂದಿನ ವಾರ ಬರುತ್ತೆ" ಅನ್ನುವ ಇಮೇಲ್ ಪಿಆರ್ ಅಲ್ಲ.

ವಾಪಸ್ ತೆಗೆದುಕೊಳ್ಳುವುದೋ, ಗೆಲ್ಲುವವರೆಗೂ ನಡೆಸುವುದೋ ಅನ್ನುವುದಕ್ಕೂ ಲೆಕ್ಕ ಇದೆ. ಕ್ಲೇಮ್ ಗೆದ್ದವರು ಮುಂದೆ ತಮ್ಮ ದೇಶದ ಪಾಸ್‌ಪೋರ್ಟ್ ಮಾಡಿಸಿಕೊಂಡು ಊರಿಗೆ ಹೋಗಿ ಬಂದರೆ, ಆಶ್ರಯ ಬೇಡವಾಯಿತು ಅಂತ ಸರ್ಕಾರ ಅರ್ಜಿ ಹಾಕಬಹುದು. ಅದರಲ್ಲಿ ಸೋತರೆ ಪಿಆರ್ ಕೂಡ ಹೋಗುತ್ತದೆ. ಕ್ಲೇಮ್ ತೀರ್ಮಾನವಾಗದೆ, ಬರೀ ಸಂಗಾತಿಯ ದಾರಿಯಲ್ಲಿ ಪಿಆರ್ ಆದವರಿಗೆ ಆ ತೂಗುಕತ್ತಿ ಇಲ್ಲ. ಊರಲ್ಲಿ ವಯಸ್ಸಾದ ಅಮ್ಮ ಇದ್ದಾರೆ, ಒಂದಲ್ಲ ಒಂದು ದಿನ ಹೋಗಲೇಬೇಕು ಅನ್ನುವವರು ಹಿಯರಿಂಗ್ ತಾರೀಕು ಬಂದ ಕೂಡಲೇ ಈ ಮಾತನ್ನು ಲಾಯರ್ ಮುಂದೆ ಎತ್ತಿ.